ಜೇಬಿನ ಕ್ಯಾಮೆರಾ: ಕೊಳ್ಳುವ ಮುನ್ನ ಏನನ್ನು ಅಳೆಯಬೇಕು?

(ವಿಶ್ವ ಛಾಯಾಗ್ರಹಣ ದಿನದ ಅಂಗವಾಗಿ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಪ್ರವಾಸಕ್ಕೆ ಹಾಗೂ ಮನೆಯ ದಿನನಿತ್ಯದ ಫೋಟೊಗಳಿಗೆ ಚಿಕ್ಕ ಡಿಜಿಟಲ್ ಕ್ಯಾಮೆರಾ ಕೊಳ್ಳುವವರು ಏನನ್ನು ನೋಡಬೇಕು ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಛಾಯಾಗ್ರಹಣ ನನ್ನ ವೃತ್ತಿಯಲ್ಲ, ನನ್ನದು ವರದಿಗಾರಿಕೆ. ಆದರೆ ಪತ್ರಿಕಾ ಕಚೇರಿಗೆ ಪ್ರತಿದಿನ ಓದುಗರಿಂದ ಬಗೆಬಗೆಯ ಫೋಟೊಗಳು ಬರುತ್ತವೆ. ಯಾವುದು ಅಚ್ಚಿಗೆ ಒದಗುತ್ತದೆ, ಯಾವುದು ಒದಗುವುದಿಲ್ಲ, ಏಕೆ ಒದಗುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನ್ನಂಥವರಿಗೆ ಇದೆ. ಆ ಬಲದ ಮೇಲೆ ಕೆಲವು ಮಾತು ಹೇಳುತ್ತೇನೆ.

ಮೊದಲು ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಎಲ್ಲರ ಕೈಯಲ್ಲೂ ಫೋನು ಇದೆ. ಫೋನಿನಲ್ಲಿ ಒಂದಲ್ಲ, ಮೂರು ಕ್ಯಾಮೆರಾಗಳಿವೆ. ಹೀಗಿರುವಾಗ ಇನ್ನೊಂದು ಕ್ಯಾಮೆರಾಕ್ಕೆ ಹಣ ಸುರಿಯುವುದೇಕೆ? ನ್ಯಾಯವಾದ ಪ್ರಶ್ನೆ. ಅನೇಕರ ಪಾಲಿಗೆ ಇದರ ಉತ್ತರ, ‘ಸುರಿಯಬೇಕಾಗಿಲ್ಲ’ ಎಂದೇ. ಆದರೆ ಕೆಲವರಿಗೆ ಬೇಕಾಗುತ್ತದೆ. ಆ ಕೆಲವರಲ್ಲಿ ನೀವು ಸೇರುತ್ತೀರೋ ಇಲ್ಲವೋ ಎಂದು ತಿಳಿಯಲು ಈ ಪೆಟ್ಟಿಗೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಗೇರ್ ಕಂಡುಹಿಡಿದ ಛಾಯಾಗ್ರಹಣ ವಿಧಾನವನ್ನು ಬಹಿರಂಗಪಡಿಸಲಾಯಿತು. ವಿಶ್ವ ಛಾಯಾಗ್ರಹಣ ದಿನಕ್ಕೆ ಮೂಲ ಅದೇ. ಮೊದಲ ದಶಕಗಳಲ್ಲಿ ಫೋಟೊ ತೆಗೆಯಲು ರಸಾಯನ ಗೊತ್ತಿರಬೇಕಿತ್ತು, ಗಾಡಿಗಟ್ಟಲೆ ಸಲಕರಣೆ ಹೊರಬೇಕಿತ್ತು. 1900ರಲ್ಲಿ ಅಮೆರಿಕದ ಕೊಡಕ್ ಕಂಪೆನಿ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರತೊಡಗಿದ ಮೇಲೆ ಸಾಮಾನ್ಯರ ಮನೆಗೂ ಕ್ಯಾಮೆರಾ ಬಂತು. ನಮ್ಮ ದೇಶದಲ್ಲಿ ಹಿಂದಿನ ತಲೆಮಾರಿನವರಿಗೆ ಆಗ್ಫಾ ಕ್ಲಿಕ್ ತ್ರೀ ನೆನಪಿರಬೇಕು. ಒಂದು ರೋಲಿಗೆ ಹನ್ನೆರಡು ಚಿತ್ರ. ಆಮೇಲೆ ಹಾಟ್‌ಶಾಟ್ ಬಂತು, 1990ರ ದಶಕದಲ್ಲಿ ಕೊಡಕ್ ಕೆಬಿ 10 ಬಂತು. ಮೂವತ್ತಾರು ಚಿತ್ರಗಳ ರೀಲನ್ನು ಯುಗಾದಿಗೆ ಹಾಕಿಸಿ, ದೀಪಾವಳಿಯವರೆಗೂ ಎಳೆದು, ಅನಂತರ ಸ್ಟುಡಿಯೊಗೆ ತೊಳೆಯಲು ಕೊಡುತ್ತಿದ್ದ ಮನೆಗಳು ಎಷ್ಟೋ.

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೂ ಕೊಡಕ್ ಕಂಪೆನಿಯಲ್ಲೇ. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಮಾದರಿಯ ತೂಕ ಸುಮಾರು ಮೂರೂವರೆ ಕಿಲೊ. ಅದು ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಪ್ಪತ್ತು ವರ್ಷಗಳ ಬಳಿಕ, 1995ರಲ್ಲಿ, ಕ್ಯಾಸಿಯೊ ಕಂಪೆನಿಯ ಕ್ಯೂವಿ-10 ಬೆನ್ನ ಮೇಲೆ ಪುಟ್ಟ ಪರದೆ ಹೊತ್ತು ಬಂತು. ತೆಗೆದ ಚಿತ್ರವನ್ನು ಆಗಿಂದಾಗಲೇ ನೋಡುವ ರೂಢಿ ಜನಸಾಮಾನ್ಯರಿಗೆ ಬಂದದ್ದು ಇಂಥ ಕ್ಯಾಮೆರಾಗಳಿಂದ. 2000ದ ಕೊನೆಗೆ ಜಪಾನಿನಲ್ಲಿ ಶಾರ್ಪ್ ಕಂಪೆನಿಯ ಕ್ಯಾಮೆರಾ ಫೋನು ಮಾರುಕಟ್ಟೆಗೆ ಬಂದಾಗ ಅದನ್ನು ಆಟಿಕೆ ಎಂದುಕೊಂಡವರೇ ಹೆಚ್ಚು.

ಆ ಆಟಿಕೆಯೇ ಮುಂದೆ ಕ್ಯಾಮೆರಾವನ್ನು ನುಂಗಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಅವು 80 ಲಕ್ಷಕ್ಕಿಂತ ಕಡಿಮೆ. ಹೀಗೆ ಕುಸಿದದ್ದು ಮುಖ್ಯವಾಗಿ ಜೇಬಿನ ಕ್ಯಾಮೆರಾಗಳ ಮಾರಾಟ. ಕೊಡಕ್ ಕಂಪೆನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಉಳಿದುಕೊಂಡ ತಯಾರಕರು, ಫೋನಿನಿಂದ ಆಗದ್ದನ್ನು ಮಾಡಿದರೆ ಮಾತ್ರ ತಮಗೆ ಉಳಿಗಾಲ ಎಂದು ಅರಿತರು. ಆದ್ದರಿಂದ ಇಂದು ಕ್ಯಾಮೆರಾ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ: ‘ನನ್ನ ಫೋನಿಗೆ ಆಗದ ಯಾವ ಕೆಲಸವನ್ನು ಇದು ಮಾಡುತ್ತದೆ?’ ಅಂಗಡಿಯವರ ಬಳಿ ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ನಮಸ್ಕಾರ ಹೇಳಿ ಹೊರಬನ್ನಿ.

ಮೆಗಾಪಿಕ್ಸೆಲ್ ಎಂಬ ಮಾಯೆ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಪದ ಮೆಗಾಪಿಕ್ಸೆಲ್. ಹತ್ತು ಲಕ್ಷ ಚುಕ್ಕೆಗಳಿಗೆ ಒಂದು ಮೆಗಾಪಿಕ್ಸೆಲ್. ಹೆಚ್ಚು ಚುಕ್ಕೆ ಇದ್ದರೆ ಚಿತ್ರ ಹೆಚ್ಚು ಚೆನ್ನ ಎಂಬುದು ಜನರ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕು ಎನ್ನುತ್ತಾರೆ. ಆಲ್ಬಮ್ಮಿನಲ್ಲಿ ಅಂಟಿಸುವ 6x4 ಇಂಚಿನ ಫೋಟೊಗೆ 1800x1200, ಅಂದರೆ 2.16 ಮೆಗಾಪಿಕ್ಸೆಲ್ ಸಾಕು. ಗೋಡೆಗೆ ತೂಗುಹಾಕುವ 12x8 ಇಂಚಿನ ಫೋಟೊಗೂ 9 ಮೆಗಾಪಿಕ್ಸೆಲ್ ತುಂಬಬೇಕಿಲ್ಲ. ಹತ್ತು, ಹನ್ನೆರಡು ದಾಟಿದ ಮೇಲೆ ಮನೆಯ ಬಳಕೆಗೆ ಈ ಸಂಖ್ಯೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ನೋಡಬೇಕಾದದ್ದು ಚುಕ್ಕೆಗಳ ಸಂಖ್ಯೆಯನ್ನಲ್ಲ, ಅವು ಕುಳಿತಿರುವ ಸೆನ್ಸರ್ ಎಂಬ ಬಿಲ್ಲೆಯ ಅಳತೆಯನ್ನು. ಹಿಂದೆ ಫಿಲ್ಮು ಮಾಡುತ್ತಿದ್ದ ಕೆಲಸವನ್ನು ಈಗ ಈ ಬಿಲ್ಲೆ ಮಾಡುತ್ತದೆ. ಸೂರಿನ ನೀರಿಗೆ ಅಂಗಳದಲ್ಲಿ ಚೆಂಬು ಇಟ್ಟರೆ ಎಷ್ಟು ನೀರು ತುಂಬೀತು, ಕೊಪ್ಪರಿಗೆ ಇಟ್ಟರೆ ಎಷ್ಟು? ಮಳೆ ಅದೇ, ಪಾತ್ರೆಯ ಬಾಯಿ ಬೇರೆ. ಬೆಳಕಿನ ವಿಷಯವೂ ಹೀಗೆಯೇ. ಅಗ್ಗದ ಜೇಬಿನ ಕ್ಯಾಮೆರಾಗಳ ಬಿಲ್ಲೆ ಸುಮಾರು 6.2x4.6 ಮಿಲಿಮೀಟರ್, ವಿಸ್ತೀರ್ಣ 28 ಚದರ ಮಿಲಿಮೀಟರ್. ‘ಒಂದು ಇಂಚಿನ’ ಸೆನ್ಸರ್ ಎಂದು ಕರೆಯುವುದು 13.2x8.8 ಮಿಲಿಮೀಟರ್, ವಿಸ್ತೀರ್ಣ 116. ಅಂದರೆ ನಾಲ್ಕು ಪಟ್ಟು. ಹೆಸರಿಗೆ ಒಂದು ಇಂಚಾದರೂ ಅಳೆದರೆ ಯಾವ ಬದಿಯೂ ಒಂದು ಇಂಚು ಇಲ್ಲ. ಹಳೆಯ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರು ಅದು. ಇನ್ನೂ ದೊಡ್ಡದಾದ ಎಪಿಎಸ್-ಸಿ ಬಿಲ್ಲೆಯ ವಿಸ್ತೀರ್ಣ ಸುಮಾರು 366 ಚದರ ಮಿಲಿಮೀಟರ್.

ಹಗಲಿನ ಬಿಸಿಲಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಚಿಕ್ಕ ಪಾತ್ರೆಯೂ ತುಂಬುವಷ್ಟು ಬೆಳಕು ಇರುತ್ತದೆ. ಕಾಣುವುದು ಸಂಜೆಯ ಮೇಲೆ, ಮನೆಯೊಳಗೆ, ದೇವಸ್ಥಾನದ ನವರಂಗದಲ್ಲಿ. ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗೆ ಹೋದವರಿಗೆ ಇದು ಗೊತ್ತು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ನಮ್ಮ ಕಣ್ಣಿಗೇ ಕಂಬಗಳು ಕಾಣಲು ಒಂದು ಗಳಿಗೆ ಬೇಕು. ಪ್ರಾಚೀನ ಸ್ಮಾರಕಗಳಲ್ಲಿ ಮುಂಗಡ ಅನುಮತಿ ಇಲ್ಲದೆ ಟ್ರೈಪಾಡ್ ಹೂಡಲು ಬಿಡುವುದಿಲ್ಲ. ಹಲವು ಕಡೆ ಫ್ಲಾಷ್ ಸಹ ಸಲ್ಲದು. ಅಲ್ಲಿ ನೆರವಿಗೆ ಬರುವುದು ಬಿಲ್ಲೆಯ ಅಗಲ ಮತ್ತು ಲೆನ್ಸಿನ ಬಾಯಿ, ಇವೆರಡೇ.

ಇಲ್ಲಿ ಫೋನಿನ ಪರವಾಗಿಯೂ ಒಂದು ಮಾತು ಹೇಳಬೇಕು. ಇತ್ತೀಚಿನ ಫೋನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರ ತೆಗೆದು, ಅವನ್ನು ಒಳಗೇ ಬೆರೆಸಿ, ಒಂದು ಒಳ್ಳೆಯ ಚಿತ್ರ ಕೊಡುತ್ತವೆ. ಹೀಗಾಗಿ ಚಿಕ್ಕ ಬಿಲ್ಲೆಯ ಅಗ್ಗದ ಕ್ಯಾಮೆರಾ ಮನೆಯೊಳಗೆ ಒಳ್ಳೆಯ ಫೋನಿಗಿಂತ ಕಳಪೆ ಚಿತ್ರ ಕೊಟ್ಟರೆ ಆಶ್ಚರ್ಯವಿಲ್ಲ. ‘ಕ್ಯಾಮೆರಾ ಎಂದ ಮೇಲೆ ಫೋನಿಗಿಂತ ಮೇಲು’ ಎಂಬ ಎಣಿಕೆ ಈಗ ನಿಲ್ಲುವುದಿಲ್ಲ.

ಲೆನ್ಸಿನ ಒಳಗುಟ್ಟು

ಎರಡನೆಯದು ಲೆನ್ಸು. ಇದರಲ್ಲಿ ಎರಡು ಅಂಕಿಗಳನ್ನು ಓದಲು ಕಲಿತರೆ ಅರ್ಧ ಪರೀಕ್ಷೆ ಮುಗಿದಂತೆ. ಉದಾಹರಣೆಗೆ, 2012ರಲ್ಲಿ ಬಂದು ಈ ವರ್ಗದ ಕ್ಯಾಮೆರಾಗಳಿಗೆ ಮರುಜೀವ ಕೊಟ್ಟ ಸೋನಿ ಆರ್‌ಎಕ್ಸ್ 100 ತೆಗೆದುಕೊಳ್ಳಿ. ತೂಕ 240 ಗ್ರಾಂ, ಕಾಲು ಕಿಲೊ ಸಕ್ಕರೆ ಪೊಟ್ಟಣಕ್ಕಿಂತ ತುಸು ಕಡಿಮೆ. ಒಳಗೆ ಒಂದು ಇಂಚಿನ ಸೆನ್ಸರ್. ಲೆನ್ಸು 28ರಿಂದ 100 ಮಿಲಿಮೀಟರ್, ಎಫ್ 1.8ರಿಂದ 4.9.

ಮೊದಲ ಜೋಡಿ ಅಂಕಿ ನೋಟದ ಅಗಲವನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಮನೆಯ ಪಡಸಾಲೆಯಲ್ಲಿ ಹದಿನೈದು ಜನರನ್ನು ನಿಲ್ಲಿಸಿ ತೆಗೆಯಲು 28 ಬೇಕು, 24 ಇದ್ದರೆ ಇನ್ನೂ ಅನುಕೂಲ. ನೂರರ ತುದಿ ಮುಖಚಿತ್ರಕ್ಕೆ ಹೇಳಿಸಿದ್ದು. ಎರಡನೆಯ ಜೋಡಿ ಲೆನ್ಸಿನ ಬಾಯಿಯ ಅಗಲ. ಇಲ್ಲೂ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಜೂಮ್ ಎಳೆಯುತ್ತಾ ಹೋದಂತೆ 1.8 ಇದ್ದದ್ದು 4.9 ಆಗುತ್ತದೆ. ಆಗ ಬಿಲ್ಲೆಗೆ ತಲಪುವ ಬೆಳಕು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಆಗುತ್ತಿದ್ದ ಕೆಲಸಕ್ಕೆ ಸುಮಾರು ಕಾಲು ಸೆಕೆಂಡು ಬೇಕಾಗುತ್ತದೆ. ಕಾಲು ಸೆಕೆಂಡು ಕೈ ಅಲುಗದೆ ನಿಲ್ಲುವುದು ಕಷ್ಟ. ನಗುತ್ತಿರುವ ಮಗು ಅಲುಗದೆ ಇರುವುದು ಅಸಾಧ್ಯ. ಆದ್ದರಿಂದ ಕತ್ತಲೆಯಲ್ಲಿ ಜೂಮ್ ಎಳೆಯಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಪೆಟ್ಟಿಗೆಯ ಮೇಲೆ ‘ಎಫ್ 1.8’ ಎಂದು ಒಂದೇ ಅಂಕಿ ದೊಡ್ಡದಾಗಿ ಬರೆದಿದ್ದರೆ ಇನ್ನೊಂದು ತುದಿಯ ಅಂಕಿ ಎಷ್ಟು ಎಂದು ಕೇಳಿ.

ಜೂಮಿನಲ್ಲಿ ಎರಡು ಬಗೆ. ಲೆನ್ಸು ನಿಜವಾಗಿ ಮುಂದೆ ಚಾಚುವುದು ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಎಂದರೆ ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. ಎರಡನೆಯದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಅದನ್ನು ಮನೆಗೆ ಬಂದೂ ಮಾಡಬಹುದು.

ಈ ಎರಡನ್ನೂ ಸೇರಿಸಿದರೆ ಕೊಳ್ಳುವವರ ಮುಂದೆ ಒಂದು ಕವಲುದಾರಿ ಬರುತ್ತದೆ. ಜೇಬಿನಲ್ಲಿ ಹಿಡಿಸುವ ಪೆಟ್ಟಿಗೆಯಲ್ಲಿ ದೊಡ್ಡ ಬಿಲ್ಲೆ ಮತ್ತು ಭಾರಿ ಜೂಮ್ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. 2018ರ ಕ್ಯಾನನ್ ಎಸ್‌ಎಕ್ಸ್ 740ರಲ್ಲಿ 40 ಪಟ್ಟು ಜೂಮ್ ಇದೆ. ಬಿಲ್ಲೆ ಮಾತ್ರ ಆ 28 ಚದರ ಮಿಲಿಮೀಟರಿನದು. ರಂಗನತಿಟ್ಟಿನ ದೋಣಿಯಲ್ಲಿ ಕೂತು ಬಂಡೆಯ ಮೇಲಿನ ಮೊಸಳೆಯನ್ನು, ಮರದ ಮೇಲಿನ ಕೊಕ್ಕರೆಯನ್ನು ಹಿಡಿಯಲು ಅದು ಒಳ್ಳೆಯ ಸಂಗಾತಿ. ಅಲ್ಲಿ ಫೋನು ಸೋಲುತ್ತದೆ. ಅದೇ ಕ್ಯಾಮೆರಾವನ್ನು ರಾತ್ರಿಯ ಆರತಕ್ಷತೆಗೆ ಒಯ್ದರೆ ನಿರಾಸೆಯಾದೀತು. ಇನ್ನೊಂದು ತುದಿಯಲ್ಲಿ 2019ರ ರಿಕೊ ಜಿಆರ್ 3. ಎಪಿಎಸ್-ಸಿ ಬಿಲ್ಲೆ, 257 ಗ್ರಾಂ ತೂಕ. ಆದರೆ ಜೂಮ್ ಇಲ್ಲವೇ ಇಲ್ಲ, ಫ್ಲಾಷ್ ಕೂಡ ಇಲ್ಲ. ರಸ್ತೆ, ಸಂತೆ, ಮನೆಮಂದಿ ಇವುಗಳಿಗೆ ಸರಿ, ಪಕ್ಷಿಗೆ ಆಗದು. ನೀರಿಗೆ ಇಳಿಯುವವರಿಗೆ 2019ರ ಒಲಿಂಪಸ್ ಟಿಜಿ-6ರಂಥದ್ದು ಬೇರೆಯೇ ಇದೆ. ಹದಿನೈದು ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಮಾದರಿಗಳು ಬರುತ್ತವೆ, ಹೋಗುತ್ತವೆ. ಈ ನಾಲ್ಕನ್ನು ಹೆಸರಿಸಿದ್ದು ಬಗೆಗಳು ಗೊತ್ತಾಗಲಿ ಎಂದು ಮಾತ್ರ. ಕಳೆದ ವರ್ಷ ನೀವು ತೆಗೆದ ಫೋಟೊಗಳಲ್ಲಿ ಹೆಚ್ಚಿನವು ಎಲ್ಲಿ ತೆಗೆದವು ಎಂದು ಫೋನು ತೆರೆದು ಎಣಿಸಿ. ಯಾವ ಬಗೆ ಬೇಕು ಎಂದು ಅದೇ ಹೇಳುತ್ತದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಬಟ್ಟೆ ಕೊಳ್ಳುವಾಗ ಮುಟ್ಟಿ ನೋಡುವ ನಾವು ಕ್ಯಾಮೆರಾವನ್ನು ಪೆಟ್ಟಿಗೆಯ ಮೇಲಿನ ಬರಹ ಓದಿ ಕೊಳ್ಳುತ್ತೇವೆ. ಹಾಗೆ ಮಾಡಬೇಡಿ. ನಿಮ್ಮದೇ ಒಂದು ಮೆಮೊರಿ ಕಾರ್ಡ್ ಮತ್ತು ಅಂದಿನ ಪತ್ರಿಕೆಯೊಂದನ್ನು ಜೊತೆಗೆ ಒಯ್ಯಿರಿ. ಪತ್ರಿಕೆಯ ಪುಟವನ್ನು ಬಿಡಿಸಿ ಗೋಡೆಗೆ ಹಿಡಿಸಿ, ಪುಟ ಚೌಕಟ್ಟಿನ ತುಂಬ ಬರುವಂತೆ ಒಂದು ಫೋಟೊ ತೆಗೆಯಿರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ನಡುವೆ ಅಕ್ಷರ ಸ್ಪಷ್ಟವಾಗಿದ್ದು ನಾಲ್ಕು ಮೂಲೆಗಳಲ್ಲಿ ಒತ್ತಕ್ಷರಗಳು ಕಲಸಿಹೋಗಿದ್ದರೆ ಲೆನ್ಸು ಸಾಧಾರಣದ್ದು. ಈ ಪರೀಕ್ಷೆಗೆ ನಮ್ಮ ಕನ್ನಡ ಲಿಪಿ ಬಲು ಯೋಗ್ಯ. ಅಕ್ಷರದ ಬುಡದಲ್ಲಿ ಅಂಥ ಕುಸುರಿ ಇದೆ.

ಎರಡನೆಯ ಫೋಟೊ, ಅಂಗಡಿಯ ಮಂದ ಬೆಳಕಿನ ಮೂಲೆಯಲ್ಲಿ ನಿಂತ ನಿಮ್ಮ ಮನೆಯವರದು, ಫ್ಲಾಷ್ ಇಲ್ಲದೆ. ಮೈಬಣ್ಣ ಇದ್ದಂತೆ ಬಂದಿದೆಯೇ, ಬಿಳಿಚಿಕೊಂಡಿದೆಯೇ ನೋಡಿ. ಮೂರನೆಯದು, ಬಾಗಿಲ ಬಳಿ ನಿಲ್ಲಿಸಿ, ಹಿಂದೆ ಬಿಸಿಲಿನ ರಸ್ತೆ ಇರುವಂತೆ. ಮುಖ ಕಪ್ಪಾಗದೆ ಆಕಾಶವೂ ಸುಟ್ಟುಹೋಗದೆ ಬರಬೇಕು. ನಾಲ್ಕನೆಯದು, ಯಾರನ್ನಾದರೂ ನಡೆಸಿ. ಗುಂಡಿ ಒತ್ತಿದ ಕ್ಷಣವೇ ಚಿತ್ರ ದಾಖಲಾಗುತ್ತದೆಯೋ, ಆ ವ್ಯಕ್ತಿ ದಾಟಿಹೋದ ಮೇಲೋ ಗಮನಿಸಿ. ಐದನೆಯದು, ಜೂಮ್ ಪೂರ್ತಿ ಎಳೆದು ಎದುರಿನ ಅಂಗಡಿಯ ಫಲಕ.

ಅನಂತರ ಬಿಸಿಲಿಗೆ ಬಂದು ಪರದೆ ಕಾಣುತ್ತದೆಯೇ ನೋಡಿ. ಏಪ್ರಿಲ್ ತಿಂಗಳ ಹಂಪಿಯಲ್ಲಿ ಎಷ್ಟೋ ಪರದೆಗಳು ಬರಿಯ ಕನ್ನಡಿಗಳು. ಕಣ್ಣಿಟ್ಟು ನೋಡುವ ಕಿಂಡಿ ಇರುವ ಕ್ಯಾಮೆರಾ ಅಂಥಲ್ಲಿ ಬಹಳ ಉಪಕಾರಿ. ಬ್ಯಾಟರಿ ಒಂದು ಚಾರ್ಜಿಗೆ ಎಷ್ಟು ಚಿತ್ರ ಎಂದು ಕೇಳಿ. ನಾನು ಹೇಳಿದ ರಿಕೊ ಕ್ಯಾಮೆರಾದ್ದು ಸುಮಾರು 200, ಸೋನಿಯದು ಸುಮಾರು 330. ಪ್ರವಾಸಕ್ಕೆ ಇನ್ನೊಂದು ಬ್ಯಾಟರಿ ಬೇಕೇ ಬೇಕು. ಕೊನೆಗೆ, ರಿಪೇರಿಗೆ ಎಲ್ಲಿಗೆ ಒಯ್ಯಬೇಕು ಎಂದು ಕೇಳಿ. ಹೊರದೇಶದಿಂದ ತರಿಸಿದ ಕ್ಯಾಮೆರಾಕ್ಕೆ ಇಲ್ಲಿ ಗ್ಯಾರಂಟಿ ಸಿಗುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ತಿಳಿಯಬೇಕು.

ಈಚೆಗೆ ಕಾಲೇಜು ಹುಡುಗ ಹುಡುಗಿಯರು 2000ದ ದಶಕದ ಹಳೆಯ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಅವರಿಗೆ ಮೂರು ಎಚ್ಚರಿಕೆ. ನಮ್ಮ ಕರಾವಳಿ, ಮಲೆನಾಡಿನ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಟಾರ್ಚಿನ ಬೆಳಕು ಹಾಯಿಸಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬಿಟ್ಟುಬಿಡಿ. ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕಪ್ಪು ಮಚ್ಚೆಗಳಿದ್ದರೆ ಬಿಲ್ಲೆಯ ಮೇಲೆ ದೂಳು ಕೂತಿದೆ. ಲೆನ್ಸು ಒಳಗೆ ಹೊರಗೆ ಹೋಗುವಾಗ ಕರಕರ ಸದ್ದಾದರೆ ಕಡಲ ಮರಳು ಒಳಸೇರಿರಬಹುದು. ಹಾಗೆಯೇ ಎಕ್ಸ್‌ಡಿ ಎಂಬ ಹಳೆಯ ಬಗೆಯ ಕಾರ್ಡ್ ಬೇಡುವ ಕ್ಯಾಮೆರಾ ಅಗ್ಗಕ್ಕೆ ಸಿಕ್ಕೀತು, ಕಾರ್ಡ್ ಸಿಗುವುದು ಕಷ್ಟ. ಹೊಸದಿರಲಿ ಹಳೆಯದಿರಲಿ, ಮೊದಲ ದಿನವೇ ಅದರ ಗಡಿಯಾರ ಸರಿಪಡಿಸಿ. ಮಗುವಿನ ನಾಮಕರಣದ ಫೋಟೊದಲ್ಲಿ ಮಗು ಹುಟ್ಟುವುದಕ್ಕೂ ಹಿಂದಿನ ತಾರೀಖು ಬಿದ್ದಿರುವುದು ಅಪರೂಪವಲ್ಲ.

ಫೋಟೊ ಯಾತಕ್ಕೆ?

ಇಷ್ಟೆಲ್ಲ ಪರೀಕ್ಷೆ ಏಕೆ, ಸುಮ್ಮನೆ ತೆಗೆದ ಫೋಟೊ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ಎರಡು ನಿದರ್ಶನ ಕೊಡುತ್ತೇನೆ.

ಮೊದಲನೆಯದು ಹಂಪಿಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ವಿಜಯನಗರದ ಅವಶೇಷಗಳ ಫೋಟೊ ತೆಗೆದ. ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳು ಅವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಡುವಿನ ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂದು ತಿಳಿಯಿತು. ವಿಟ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಗ್ರೀನ್‌ಲಾ ಚಿತ್ರದಲ್ಲಿ ಇಟ್ಟಿಗೆಯ ಗೋಪುರವಿದೆ. ಈಗ ರಥಕ್ಕೆ ಆ ಗೋಪುರವಿಲ್ಲ. 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ರಥಕ್ಕೂ ಇಲ್ಲ. ನಿಮ್ಮ ಊರಿನ ಕೆರೆ ಏರಿ, ಹಳೆಯ ಬಸ್ ನಿಲ್ದಾಣ, ಸಂತೆ ಮೈದಾನದ ಆಲದ ಮರ ಇವುಗಳ ಫೋಟೊ ಇಂದು ಸಾಧಾರಣವೆನಿಸಬಹುದು. ರಸ್ತೆ ಅಗಲಗೊಂಡ ಮೇಲೆ ಅದೇ ದಾಖಲೆ.

ಎರಡನೆಯದು ನಮ್ಮ ಕಚೇರಿಯ ನಿತ್ಯದ ಅನುಭವ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ನಿಧನ ವಾರ್ತೆ ಕೊಡಲು ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಹೆಸರು, ವಯಸ್ಸು, ಬಂಧುಬಳಗ ಎಲ್ಲ ಬರೆದುಕೊಟ್ಟ ಮೇಲೆ ಫೋಟೊ ಎಂದಾಗ ಸುಮ್ಮನಾಗುತ್ತಾರೆ. ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ತಿಂಡಿಯ ತಟ್ಟೆ ಇದೆ, ಜಲಪಾತ ಇದೆ, ತಮ್ಮದೇ ಮುಖ ನೂರು ಇದೆ. ಅಜ್ಜಿಯದು ಮಾತ್ರ ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿ ಒಂದು. ಅದನ್ನು ಕತ್ತರಿಸಿ ಹಿಗ್ಗಿಸಿದರೆ ಮುಖದ ಬದಲು ಚೌಕಗಳು ಕಾಣುತ್ತವೆ. ಅದೂ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದದ್ದಾದರೆ ಮೂಲ ಚಿತ್ರದಲ್ಲಿದ್ದ ವಿವರಗಳು ದಾರಿಯಲ್ಲೇ ಸೋರಿಹೋಗಿರುತ್ತವೆ. ಕೊನೆಗೆ ಗುರುತಿನ ಚೀಟಿಯ ಫೋಟೊ ಬರುತ್ತದೆ. ಜೀವಮಾನವಿಡೀ ನಗುತ್ತಿದ್ದ ಅಜ್ಜಿ ಪತ್ರಿಕೆಯಲ್ಲಿ ಬೆದರಿದವರಂತೆ ಕಾಣುತ್ತಾರೆ. ಹೂವಿನ ಹಾರ ಹಾಕಿ ಗೋಡೆಗೆ ತೂಗುವುದೂ ಅದನ್ನೇ.

ಮೈಸೂರಿನ ಟಿ.ಎಸ್. ಸತ್ಯನ್ ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು, 2009ರಲ್ಲಿ ತೀರಿಕೊಂಡರು. ಅವರಿಗೆ ಹೆಸರು ತಂದದ್ದು ಸಾಮಾನ್ಯ ಜನರ ಸಾಮಾನ್ಯ ದಿನಗಳ ಚಿತ್ರಗಳು. ಆ ದಾರಿ ನಮಗೂ ತೆರೆದಿದೆ. ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುವಾಗ, ಅಪ್ಪ ಕನ್ನಡಕ ಏರಿಸಿ ಪತ್ರಿಕೆ ಓದುವಾಗ, ಕಿಟಕಿಯ ಬೆಳಕಿನಲ್ಲಿ, ಎರಡು ಹೆಜ್ಜೆ ಹತ್ತಿರದಿಂದ ಒಂದು ಫೋಟೊ. ಕ್ಯಾಮೆರಾ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ. ಈ ಒಂದು ಚಿತ್ರವನ್ನು ನಿಮ್ಮ ಫೋನೇ ಚೆನ್ನಾಗಿ ತೆಗೆದರೆ ಹೊಸ ಕ್ಯಾಮೆರಾ ಬೇಡ. ಆ ಹಣದಲ್ಲಿ ಅವರನ್ನೇ ಒಂದು ಪ್ರವಾಸಕ್ಕೆ ಕರೆದೊಯ್ಯಿರಿ. ತೆಗೆಯದಿದ್ದರೆ ದೊಡ್ಡ ಬಿಲ್ಲೆಯ, ಅಗಲ ಬಾಯಿಯ ಲೆನ್ಸಿನ ಕ್ಯಾಮೆರಾ ಕೊಳ್ಳುವುದಕ್ಕೆ ನಿಮಗೆ ತಕ್ಕ ಕಾರಣ ಸಿಕ್ಕಂತಾಯಿತು.

ಕೊನೆಯದಾಗಿ ಒಂದು ಕೋರಿಕೆ. 1950ರ ದಶಕದ ಸ್ಟುಡಿಯೊ ಫೋಟೊಗಳು ಇಂದಿಗೂ ನಮ್ಮ ಮನೆಗಳ ಟ್ರಂಕುಗಳಲ್ಲಿವೆ. 2005ರಲ್ಲಿ ತೆಗೆದ ಡಿಜಿಟಲ್ ಚಿತ್ರಗಳು ಎಷ್ಟು ಮನೆಗಳಲ್ಲಿ ಉಳಿದಿವೆ? ಕೆಲವು ಕೆಟ್ಟ ಕಂಪ್ಯೂಟರಿನಲ್ಲಿ, ಕೆಲವು ಗೀರು ಬಿದ್ದ ಸಿ.ಡಿ.ಯಲ್ಲಿ, ಕೆಲವು ಕಳೆದುಹೋದ ಫೋನಿನಲ್ಲಿ ಮುಗಿದುಹೋದವು. ಆದ್ದರಿಂದ ಮೂಲ ಚಿತ್ರಗಳನ್ನು ಎರಡು ಬೇರೆ ಬೇರೆ ಕಡೆ ಇಡಿ. ಯಾರಿಗಾದರೂ ಕಳಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ, ವಿವರ ಉಳಿಯುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೋ ಯುಗಾದಿಗೋ, ಆ ವರ್ಷದ ಮೂವತ್ತಾರು ಒಳ್ಳೆಯ ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ. ಬೆನ್ನ ಮೇಲೆ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ಕ್ಯಾಮೆರಾ ಯಾವುದು ಎಂದು ಬರೆಯಬೇಕಾಗಿಲ್ಲ.